ಹರಾಜಿನ ಕಟ್ಟೆಯಲ್ಲಿ ರಾಸುಗಳ ಬೆಲೆ

ಅಕ್ಕಿ, ಅಡಕೆ, ಚಿನ್ನ, ಬೆಳ್ಳಿಗಳ ಪೇಟೆಧಾರಣೆಯನ್ನು ನಮ್ಮ ಪಟ್ಟಣವಾಸಿಗಳು ದಿನಂಪ್ರತಿ ಓದುತ್ತಾರೆ. ಅದರ ಏರಿಳಿತಗಳಿಗೆ ಕಾರಣಗಳೇನೆಂಬುದನ್ನೂ ತಕ್ಕಮಟ್ಟಿಗೆ ಬಲ್ಲರು. ಆದರೆ ಆ ಅಕ್ಕಿಯನ್ನು ಬೆಳೆಯುವ ರೈತನ ಕೊಟ್ಟಿಗೆಯಲ್ಲಿ ನಿಂತಿರುವ ಜೋಡಿ ಎತ್ತಿನ ಬೆಲೆ ಹೇಗೆ ನಿಶ್ಚಯವಾಗುತ್ತದೆಂಬುದನ್ನು ವಿಚಾರಿಸುವವರು ವಿರಳ. ದನದ ವ್ಯಾಪಾರವೆಂಬುದು ಹಳ್ಳಿಯವರ ಜಾತ್ರೆಯ ಗದ್ದಲ, ದಲ್ಲಾಳಿಗಳ ಮಾತಿನ ಮೋಡಿ ಎಂದು ತಿಳಿದು ಸುಮ್ಮನಾಗುವುದೇ ವಾಡಿಕೆ. ಈ ಉದಾಸೀನವು ಸರಿಯಲ್ಲ. ರೈತನಿಗೆ ಎತ್ತೆಂಬುದು ಬ್ಯಾಂಕಿನಲ್ಲಿಟ್ಟ ಹಣವಿದ್ದಂತೆ. ಅವನ ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಮುಂಗಾರಿನ ಬಿತ್ತನೆ ಎಲ್ಲವೂ ಆ ಹಣವನ್ನೇ ಅವಲಂಬಿಸಿರುತ್ತವೆ. ಆದುದರಿಂದ ರಾಸುಗಳ ಬೆಲೆಯ ಮೂಲವನ್ನು ಇಂದು ಸ್ವಲ್ಪ ವಿಚಾರಮಾಡಲು ಉದ್ದೇಶಿಸಿದ್ದೇವೆ.

ನಮ್ಮ ನಾಡಿನಲ್ಲಿ ರಾಸುಗಳು ಕೈಬದಲಾಯಿಸುವ ರೀತಿಗಳು ಮುಖ್ಯವಾಗಿ ಎರಡು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆ, ಮುಡುಕುತೊರೆ ಮೊದಲಾದ ಜಾತ್ರೆಗಳಲ್ಲಿ ನಡೆಯುವುದು ಮೊದಲನೆಯ ರೀತಿ. ಅಲ್ಲಿ ಕೊಳ್ಳುವವನ ಮತ್ತು ಮಾರುವವನ ಕೈಗಳು ವಸ್ತ್ರದ ಮರೆಯಲ್ಲಿ ಸೇರುತ್ತವೆ. ಬೆರಳುಗಳೇ ಸಾವಿರ, ನೂರುಗಳ ಲೆಕ್ಕವನ್ನು ಹೇಳುತ್ತವೆ. ಪಕ್ಕದಲ್ಲಿ ನಿಂತವನಿಗೆ ಬೆಲೆಯ ಸುಳಿವು ಸಿಕ್ಕುವುದಿಲ್ಲ. ಎರಡನೆಯದು ಬಹಿರಂಗ ಹರಾಜು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೆ ಸೇರಿದ ಕಾವಲುಗಳಲ್ಲಿ ಬೆಳೆದ ಹೋರಿಕರುಗಳನ್ನು ರೈತರಿಗೆ ಮಾರುತ್ತ ಬಂದಿರುವುದು ಈ ರೀತಿಯಲ್ಲಿಯೇ. ಇಲ್ಲಿ ಎಲ್ಲವೂ ಹತ್ತು ಜನರ ಕಿವಿಗೆ ಬೀಳುವಂತೆ ನಡೆಯುತ್ತದೆ. ಮೊದಲನೆಯ ರೀತಿಯಲ್ಲಿ ಮಾತು ಬಲ್ಲವನು ಗೆಲ್ಲುತ್ತಾನೆ. ಎರಡನೆಯದರಲ್ಲಿ ರಾಸಿನ ಯೋಗ್ಯತೆಗೆ ತಕ್ಕ ಬೆಲೆ ಬರುವ ಸಂಭವವು ಹೆಚ್ಚು. ಸಂಭವವೆಂದೆವೇ ಹೊರತು ನಿಶ್ಚಯವೆಂದು ಹೇಳಲಿಲ್ಲ. ಏಕೆಂದರೆ ಹರಾಜಿನ ಕಟ್ಟೆಗೆ ಬರುವ ಬೆಲೆಯನ್ನು ರಾಸಿನ ಯೋಗ್ಯತೆಯೊಂದೇ ಕಟ್ಟುವುದಿಲ್ಲ.

ಮೊದಲು ರಾಸಿನ ವಿಷಯವನ್ನೇ ತೆಗೆದುಕೊಳ್ಳೋಣ. ಕೊಳ್ಳಲು ಬಂದ ರೈತನು ಮೊಟ್ಟಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲಿನ ಕರು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಕೊನೆಗೆ ಬಾಯಿಗೂಡಿದ್ದು ಎಂಬ ಈ ಮೆಟ್ಟಿಲುಗಳೇ ರಾಸಿನ ಜನನಪತ್ರಿಕೆ. ಎಳೆಯ ಕರುವಿಗೆ ಮುಂದೆ ಬಹುಕಾಲದ ದುಡಿಮೆಯಿದ್ದರೂ ಅದನ್ನು ಸಾಕಿ ಪಳಗಿಸುವ ಖರ್ಚು ಕೊಂಡವನ ತಲೆಯ ಮೇಲೆ ಬೀಳುತ್ತದೆ. ಬಾಯಿಗೂಡಿ ವರ್ಷಗಳಾದ ಎತ್ತು ನಾಳೆಯೇ ನೊಗಕ್ಕೆ ಬರುತ್ತದೆ, ಆದರೆ ಅದರ ಮುಂದಿನ ಆಯುಷ್ಯ ಕಡಮೆ. ಇವೆರಡರ ನಡುವೆ ಇರುವ, ನೊಗಕ್ಕೆ ಒಗ್ಗಿದ ನಾಲ್ಕಾರು ಹಲ್ಲಿನ ಎತ್ತಿಗೆ ಬೆಲೆಯು ಶಿಖರಕ್ಕೇರುವುದು ಸಹಜವಾಗಿದೆ.

ಹಲ್ಲಿನ ತರುವಾಯ ಮೈಕಟ್ಟು. ಅಮೃತಮಹಲ್ ಮತ್ತು ಹಳ್ಳಿಕಾರ್ ತಳಿಗಳಲ್ಲಿ ನೀಳವಾದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪಾದ ಕೊಂಬು, ಬಿಗಿಯಾದ ಚರ್ಮ, ಗಟ್ಟಿಯಾದ ಗೊರಸು, ಕುಂದಿಲ್ಲದ ನಡೆ ಇವುಗಳನ್ನು ನೋಡುತ್ತಾರೆ. ಇವುಗಳಲ್ಲಿ ಗೊರಸು ಮತ್ತು ನಡೆ ದುಡಿಮೆಗೆ ನೇರವಾಗಿ ಸಂಬಂಧಪಟ್ಟವು. ಕೊಂಬು ಮತ್ತು ಬಣ್ಣಗಳು ತಳಿಯ ಶುದ್ಧಿಗೆ ಸಾಕ್ಷಿ ಹೇಳುವಂಥವು. ಇನ್ನು ಸುಳಿಯ ವಿಷಯ. ಒಳ್ಳೆಯ ಸುಳಿಯಿದ್ದ ಎತ್ತು ಮನೆಗೆ ಭಾಗ್ಯವನ್ನು ತರುತ್ತದೆಂದೂ ಕೆಟ್ಟ ಸುಳಿಯದು ಯಜಮಾನನಿಗೆ ಆಗಬಾರದೆಂದೂ ನಂಬಿಕೆ. ಇದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ವಿದ್ಯಾವಂತರು ನಗಬಹುದು. ಆದರೆ ನಂಬುವ ಜನ ನೂರು ಮಂದಿ ಇರುವ ಕಡೆ ನಂಬದವನೂ ಆ ಎತ್ತಿಗೆ ಕಡಮೆ ಬೆಲೆಯನ್ನೇ ಕೂಗುತ್ತಾನೆ. ನಾಳೆ ತಾನು ಮಾರಬೇಕಾದಾಗ ಕೊಳ್ಳುವವರು ಸುಳಿಯನ್ನು ನೋಡುವರೆಂಬುದು ಅವನಿಗೆ ಗೊತ್ತು. ಹೀಗೆ ಲೋಕದ ನಂಬಿಕೆಯೂ ಬೆಲೆಯ ಒಂದು ಅಂಶವಾಗಿ ನಿಲ್ಲುತ್ತದೆ.

ಜೋಡಿಯ ಮಹಿಮೆಯು ಇವೆಲ್ಲಕ್ಕೂ ಮಿಗಿಲಾದುದು. ಎತ್ತರ, ಬಣ್ಣ, ಕೊಂಬು, ನಡಿಗೆಯ ವೇಗ ಇವು ಸರಿಹೊಂದಿದ ಎರಡು ಎತ್ತುಗಳು ಜೋಡಿಯಾಗಿ ಬಂದರೆ ಅವುಗಳ ಬೆಲೆ ಬಿಡಿಬಿಡಿಯಾದ ಎರಡರ ಬೆಲೆಯನ್ನು ಕೂಡಿದ್ದಕ್ಕಿಂತ ಹೆಚ್ಚಾಗುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎತ್ತರ ತಪ್ಪಿದರೆ ನೊಗ ಓಲುತ್ತದೆ, ನಡಿಗೆ ತಪ್ಪಿದರೆ ಒಂದರ ಭಾರ ಇನ್ನೊಂದರ ಹೆಗಲಿಗೆ ಬೀಳುತ್ತದೆ. ಒಂಟಿ ಎತ್ತನ್ನು ಕೊಂಡವನು ಅದಕ್ಕೆ ಜೊತೆಯನ್ನು ಹುಡುಕಿಕೊಂಡು ಜಾತ್ರೆಯಿಂದ ಜಾತ್ರೆಗೆ ಅಲೆಯಬೇಕು. ಆ ಅಲೆದಾಟದ ಖರ್ಚನ್ನು ಅವನು ಮೊದಲೇ ಲೆಕ್ಕಹಾಕಿ ಬೆಲೆಯಲ್ಲಿ ಕಳೆದುಬಿಡುತ್ತಾನೆ. ಆದುದರಿಂದ ಮಾರುವವರು ಮಂದೆಯನ್ನು ಸಿಕ್ಕಿದ ಹಾಗೆ ಕಟ್ಟೆಗೆ ಹೊಡೆಯದೆ, ಸಮಾನವಾದವುಗಳನ್ನು ಆರಿಸಿ ಜೋಡಿಗೂಡಿಸಿದರೆ, ಒಂದು ಕಾಸಿನ ವೆಚ್ಚವಿಲ್ಲದೆ ಹೆಚ್ಚಿನ ಹಣವನ್ನು ಪಡೆಯಬಹುದು.

ರಾಸಿನ ಯೋಗ್ಯತೆಯನ್ನು ಮರೆಮಾಡುವ ಉಪಾಯಗಳಿಗೂ ಕೊರತೆಯಿಲ್ಲ. ಬಿಕ್ಕಲು ಹೊಟ್ಟೆಯ ದನಕ್ಕೆ ಉಪ್ಪು ತಿನ್ನಿಸಿ ನೀರು ಕುಡಿಸಿ ತುಂಬು ಮೈ ತೋರಿಸುವುದು, ಒಂದು ಹೊತ್ತಿನ ಹಾಲನ್ನು ಕರೆಯದೆ ಬಿಟ್ಟು ಕೆಚ್ಚಲನ್ನು ದೊಡ್ಡದಾಗಿ ಕಾಣಿಸುವುದು, ಕೊಂಬನ್ನು ಹೆರೆದು ವಯಸ್ಸನ್ನು ಮುಚ್ಚುವುದು ಇವು ಎಲ್ಲರೂ ಬಲ್ಲ ಸಂಗತಿಗಳು. ಇದರ ನಷ್ಟವು ಮೋಸಹೋದವನೊಬ್ಬನಿಗೆ ಮಾತ್ರವೆಂದು ತಿಳಿಯಬಾರದು. ಮೋಸದ ಭಯವಿರುವ ಕಡೆ ಕೊಳ್ಳುವವರು ಎಲ್ಲ ರಾಸುಗಳನ್ನೂ ಸಂಶಯದಿಂದ ನೋಡಿ ಬೆಲೆಯನ್ನು ಇಳಿಸುತ್ತಾರೆ. ಆಗ ಪ್ರಾಮಾಣಿಕನ ಒಳ್ಳೆಯ ಎತ್ತಿಗೂ ಕಳ್ಳನ ಕೆಟ್ಟ ಎತ್ತಿನ ಬೆಲೆಯೇ ಬರುತ್ತದೆ. ಪಶುವೈದ್ಯರ ಪ್ರಮಾಣಪತ್ರವು ರೈತನಿಗೆ ಕಾಗದದ ಕಿರುಕುಳವೆಂದು ತೋರಬಹುದು; ವಾಸ್ತವವಾಗಿ ಅದು ಒಳ್ಳೆಯ ರಾಸನ್ನು ಸಾಕಿದವನಿಗೆ ದೊರೆಯುವ ರಕ್ಷಣೆ.

ಇನ್ನು ಕೊಳ್ಳುವವರ ಕಡೆಗೆ ತಿರುಗೋಣ. ಹರಾಜಿನಲ್ಲಿ ಬೆಲೆಯನ್ನು ನಿಶ್ಚಯಿಸುವವನು ಗೆದ್ದವನೆಂಬುದು ಸಾಮಾನ್ಯ ಜನರ ಎಣಿಕೆ. ಸ್ವಲ್ಪ ಆಲೋಚಿಸಿದರೆ ಇದು ಸರಿಯಲ್ಲವೆಂದು ಗೊತ್ತಾಗುತ್ತದೆ. ಒಂದು ಜೋಡಿಗೆ 2 ಲಕ್ಷ ರೂಪಾಯಿಗಳನ್ನು ಕೊಡಲು ಒಬ್ಬನು ಮನಸ್ಸಿನಲ್ಲಿಯೇ ಸಿದ್ಧನಾಗಿ ಬಂದಿರುವನೆಂದು ಭಾವಿಸೋಣ. ಅವನ ಎದುರಾಳಿಯು 1 ಲಕ್ಷ 20 ಸಾವಿರಕ್ಕೆ ಬಾಯಿ ಮುಚ್ಚಿದರೆ ಮೊದಲನೆಯವನು ಅದರ ಮೇಲೆ ಒಂದು ಮೆಟ್ಟಿಲು ಕೂಗಿ ಜೋಡಿಯನ್ನು ಹೊಡೆದುಕೊಂಡು ಹೋಗುತ್ತಾನೆ. ಉಳಿದ ಹಣ ಅವನ ಜೇಬಿನಲ್ಲಿಯೇ ಉಳಿಯುತ್ತದೆ. ಆದುದರಿಂದ ಬೆಲೆಯನ್ನು ಕಟ್ಟುವವನು ಸೋತವನು, ಅಂದರೆ ಕೊನೆಯವರೆಗೆ ನಿಂತ ಎರಡನೆಯ ಸವಾಲುದಾರ. ಮಾರುವವನಿಗೆ ಒಬ್ಬ ಶ್ರೀಮಂತ ಗಿರಾಕಿಯಿಂದ ಪ್ರಯೋಜನವಿಲ್ಲ, ಇಬ್ಬರು ಮೂವರು ನಿಜವಾದ ಆಸೆಯುಳ್ಳವರು ಬೇಕು. ಹರಾಜಿನ ತಾರೀಖನ್ನು ಎಷ್ಟು ದಿನಗಳ ಮುಂಚೆ, ಎಷ್ಟು ಜಿಲ್ಲೆಗಳಲ್ಲಿ ಸಾರಲಾಯಿತೆಂಬುದು ಬೆಲೆಯ ಮೇಲೆ ಪರಿಣಾಮಮಾಡುವುದು ಈ ಕಾರಣದಿಂದಲೇ. ಕಚೇರಿಯ ಗೋಡೆಗೆ ಒಂದು ಕಾಗದವನ್ನು ಅಂಟಿಸಿ ಕೈತೊಳೆದುಕೊಂಡರೆ ಆ ಎರಡನೆಯ ಮನುಷ್ಯನು ಬರುವುದೇ ಇಲ್ಲ.

ವ್ಯಾಪಾರಿಗಳ ಒಳಗೊಪ್ಪಂದವೂ ಇಲ್ಲಿಯೇ ಹುಟ್ಟುತ್ತದೆ. ನಾಲ್ಕೈದು ಮಂದಿ ಮುಂಚೆಯೇ ಕೂಡಿಕೊಂಡು, ಒಬ್ಬನೇ ಸವಾಲು ಕೂಗತಕ್ಕದ್ದು, ಉಳಿದವರು ಸುಮ್ಮನಿರತಕ್ಕದ್ದು ಎಂದು ನಿಶ್ಚಯಿಸಿಕೊಳ್ಳುತ್ತಾರೆ. ಹರಾಜು ಮುಗಿದ ಮೇಲೆ ಮರದ ನೆರಳಿನಲ್ಲಿ ತಮ್ಮೊಳಗೇ ಮತ್ತೊಂದು ಹರಾಜನ್ನು ನಡೆಸಿ ಲಾಭವನ್ನು ಹಂಚಿಕೊಳ್ಳುತ್ತಾರೆ. ಈ ರೋಗವು ಯಾವ ಒಂದು ದೇಶಕ್ಕೂ ಸೇರಿದ್ದಲ್ಲ. ಹರಾಜಿರುವ ಕಡೆಯಲ್ಲೆಲ್ಲ ಇದು ಕಂಡುಬಂದಿದೆ. ಇದಕ್ಕೆ ಔಷಧಗಳು ಎರಡು. ವಿವೇಕದಿಂದ ಗೊತ್ತುಮಾಡಿದ ಕನಿಷ್ಠ ಬೆಲೆಯೊಂದು. ಒಳಗೊಪ್ಪಂದಕ್ಕೆ ಸೇರದ ಸಣ್ಣ ರೈತರು ಹೆಚ್ಚು ಸಂಖ್ಯೆಯಲ್ಲಿ ಬರುವಂತೆ ಮಾಡುವುದು ಮತ್ತೊಂದು. ಹತ್ತು ಹದಿನೈದು ರಾಸುಗಳನ್ನು ಒಂದೇ ಗುಂಪಾಗಿ ಕೂಗಿದರೆ ವ್ಯಾಪಾರಿಗಳಿಗೆ ಅನುಕೂಲ. ಒಂದೊಂದು ಜೋಡಿಯನ್ನೇ ಕೂಗಿದರೆ ಎರಡು ಎಕರೆಯ ಒಕ್ಕಲಿಗನೂ ಧೈರ್ಯವಾಗಿ ಬಾಯಿ ತೆರೆಯುತ್ತಾನೆ. ಹಣವನ್ನು ಆ ಕ್ಷಣವೇ ಪೂರ್ತಿಯಾಗಿ ಕಟ್ಟಬೇಕೆಂಬ ಷರತ್ತು ಕೂಡ ಕೈಯಲ್ಲಿ ರೊಕ್ಕವಿದ್ದವನ ಪಕ್ಷವನ್ನೇ ಹಿಡಿಯುತ್ತದೆ.

ಕಟ್ಟೆಗೆ ಬರುವ ಸರದಿಯೂ ಲೆಕ್ಕಕ್ಕೆ ಬರುತ್ತದೆ. ಮೊದಲ ಕೆಲವು ಜೋಡಿಗಳು ಬಂದಾಗ ಜನರು ಇನ್ನೂ ಧಾರಣೆಯನ್ನು ಅಳೆಯುತ್ತಿರುತ್ತಾರೆ; ಕಡೆಯವು ಬರುವ ಹೊತ್ತಿಗೆ ಬೇಕಾದವರು ಕೊಂಡು ಊರಿನ ದಾರಿ ಹಿಡಿದಿರುತ್ತಾರೆ. ನಡುವೆ ಬಂದವುಗಳಿಗೆ ಪೈಪೋಟಿ ಹೆಚ್ಚು. ದೂರದಿಂದ ಲಾರಿಯಲ್ಲಿ ಬಂದು ದಣಿದ, ನೀರು ಮೇವಿಲ್ಲದೆ ಬಿಸಿಲಿನಲ್ಲಿ ನಿಂತ ರಾಸು ಮೈಯಿಳಿದು ಸೊರಗಿ ಕಾಣುತ್ತದೆ. ಒಂದು ದಿನ ಮುಂಚೆ ತಂದು ನೆರಳಿನಲ್ಲಿ ಕಟ್ಟಿ ಮೇವು ಹಾಕಿದ್ದರೆ ಅದೇ ರಾಸು ಬೇರೆಯೇ ಆಗಿ ತೋರುತ್ತಿತ್ತು.

ಇಷ್ಟೆಲ್ಲ ಮನುಷ್ಯನ ಕೈಯಲ್ಲಿರುವ ವಿಷಯ. ಕೈಮೀರಿದ ಕಾರಣಗಳಲ್ಲಿ ಮಳೆಯದೇ ಅಗ್ರಸ್ಥಾನ. ಸುಗ್ಗಿ ಮುಗಿದು ಕಣದಲ್ಲಿ ಹುಲ್ಲು, ಕೈಯಲ್ಲಿ ನಾಲ್ಕು ಕಾಸು, ಮುಂದೆ ಉಳುಮೆಯ ಕೆಲಸ ಇವು ಮೂರೂ ಕೂಡಿದಾಗ ಎತ್ತಿಗೆ ಬೆಲೆ ಬರುತ್ತದೆ. ನಮ್ಮ ದನಗಳ ಜಾತ್ರೆಗಳು ಬಹುಮಟ್ಟಿಗೆ ಸುಗ್ಗಿಯ ಮತ್ತು ಯುಗಾದಿಯ ನಡುವಣ ತಿಂಗಳುಗಳಲ್ಲಿ ಸೇರುವುದು ಹಿರಿಯರ ವಿವೇಕವೇ ಹೊರತು ಆಕಸ್ಮಿಕವಲ್ಲ. ಮಳೆ ತಪ್ಪಿದರೆ ಈ ಲೆಕ್ಕವು ತಲೆಕೆಳಗಾಗುತ್ತದೆ. ಹುಲ್ಲಿನ ಬೆಲೆ ಏರುತ್ತದೆ, ಎತ್ತಿನ ಬೆಲೆ ಇಳಿಯುತ್ತದೆ. ಮೇವಿಲ್ಲದವರೆಲ್ಲರೂ ಮಾರಲು ಬರುತ್ತಾರೆ, ಮೇವಿಲ್ಲದ ಕಾರಣ ಕೊಳ್ಳುವವರು ಯಾರೂ ಇರುವುದಿಲ್ಲ. ಮರುವರ್ಷ ಮಳೆ ಬಂದಾಗ ಅದೇ ರೈತನು ಅದೇ ಬಗೆಯ ಎತ್ತನ್ನು ಎರಡು ಪಟ್ಟು ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ. ಅಗ್ಗಕ್ಕೆ ಮಾರಿ ದುಬಾರಿಗೆ ಕೊಳ್ಳುವ ಈ ಚಕ್ರವೇ ಬರಗಾಲದ ನಿಜವಾದ ಸಾಲಪತ್ರ. 1876 ರಿಂದ 1878 ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯು ಜನರನ್ನೂ ದನಗಳನ್ನೂ ಲಕ್ಷಗಟ್ಟಲೆ ಕಳೆದುಕೊಂಡಿತು. ಜನರನ್ನು ಸಾವಿನಿಂದ ರಕ್ಷಿಸುವ ವ್ಯವಸ್ಥೆಯು ಆ ಮೇಲೆ ಬೆಳೆಯಿತು. ಆದರೆ 2023 ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟಾಗಲೂ ರೈತನ ಮೊದಲ ಚಿಂತೆ ದನದ ಮೇವಿನದೇ ಆಗಿತ್ತು. ಮೇವಿನ ಬ್ಯಾಂಕೆಂಬುದು ದಯಾಧರ್ಮದ ಕಾರ್ಯವೆಂದು ತಿಳಿಯತಕ್ಕದ್ದಲ್ಲ. ಅದು ರೈತನ ಬಂಡವಾಳವನ್ನು ಕಾಪಾಡುವ ಉಪಾಯ.

ರೋಗವು ಎರಡನೆಯದು. 2013 ರಲ್ಲಿ ಕಾಲುಬಾಯಿ ಜ್ವರವೂ 2022 ರಲ್ಲಿ ಚರ್ಮಗಂಟು ರೋಗವೂ ನಮ್ಮ ಜಿಲ್ಲೆಗಳಲ್ಲಿ ಹಬ್ಬಿದಾಗ ದನಗಳ ಜಾತ್ರೆ ಸಂತೆಗಳನ್ನು ನಿಲ್ಲಿಸಬೇಕಾಯಿತು. ನಿಲ್ಲಿಸಿದ್ದು ಯುಕ್ತವೇ ಸರಿ. ಆದರೆ ಸಂತೆ ನಿಂತರೂ ರೈತನ ಅಗತ್ಯಗಳು ನಿಲ್ಲುವುದಿಲ್ಲ. ಮನೆಯ ಬಾಗಿಲಿಗೆ ಬಂದ ಒಬ್ಬನೇ ದಲ್ಲಾಳಿಗೆ ಅವನು ಹೇಳಿದ ಬೆಲೆಗೆ ರಾಸನ್ನು ಒಪ್ಪಿಸಬೇಕಾಗುತ್ತದೆ. ಮೇಲೆ ಹೇಳಿದ ಆ ಎರಡನೆಯ ಸವಾಲುದಾರನು ಅಲ್ಲಿಲ್ಲ. ಲಸಿಕೆಯನ್ನು ಕಾಲಕ್ಕೆ ಸರಿಯಾಗಿ ಹಾಕಿಸುವುದು ಪ್ರಾಣರಕ್ಷಣೆಗೆ ಎಷ್ಟು ಅವಶ್ಯವೋ ಬೆಲೆಯ ರಕ್ಷಣೆಗೂ ಅಷ್ಟೇ ಅವಶ್ಯ.

ಮೂರನೆಯದು ಶಾಸನ. 1964 ರ ಕಾಯಿದೆಯು ಹಸುಕರುಗಳ ವಧೆಯನ್ನು ನಿಷೇಧಿಸಿ, ಹನ್ನೆರಡು ವರ್ಷ ಮೀರಿದ ಎತ್ತು ಹೋರಿಗಳಿಗೆ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿಟ್ಟಿತ್ತು. 2020 ರ ಕಾಯಿದೆಯು, 2021 ರಲ್ಲಿ ಜಾರಿಗೆ ಬಂದಾಗ, ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳ ವಿನಾ ಮಿಕ್ಕ ಎಲ್ಲಕ್ಕೂ ನಿಷೇಧವನ್ನು ವಿಸ್ತರಿಸಿತು. ಇದರ ಧಾರ್ಮಿಕ, ರಾಜಕೀಯ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಬೆಲೆಯ ಲೆಕ್ಕವನ್ನು ಮಾತ್ರ ಹೇಳುತ್ತೇವೆ. ಎಳೆಯ ಎತ್ತಿನ ಬೆಲೆಯಲ್ಲಿ ಅದರ ಮುಪ್ಪಿನ ಬೆಲೆಯೂ ಸ್ವಲ್ಪ ಅಡಗಿರುತ್ತದೆ. ದುಡಿಮೆ ಮುಗಿದ ರಾಸಿಗೆ ಗಿರಾಕಿಯಿಲ್ಲವೆಂದಾದರೆ ಅದರ ಪೋಷಣೆಯ ಭಾರವು ಕಡೆಯ ಯಜಮಾನನ ಮೇಲೆ ಉಳಿಯುತ್ತದೆ, ಹೊಸದನ್ನು ಕೊಳ್ಳುವ ಶಕ್ತಿಯು ಅಷ್ಟಕ್ಕೆ ಕುಂದುತ್ತದೆ. ಮುದಿಯೆತ್ತಿನ ರಕ್ಷಣೆ ಸಮಾಜದ ಧರ್ಮವೆಂದು ಒಪ್ಪಿದ ಮೇಲೆ ಅದರ ಖರ್ಚೂ ಸಮಾಜದ್ದೇ ಆಗತಕ್ಕದ್ದು. ಧರ್ಮದ ಪುಣ್ಯ ಎಲ್ಲರಿಗೆ, ವೆಚ್ಚ ಬಡರೈತನೊಬ್ಬನಿಗೆ ಎಂಬುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾಗಿ ಬೆಲೆಯನ್ನು ಏರಿಸುವ ಶಾಸನವೂ ಉಂಟು. ಸರ್ವೋಚ್ಚ ನ್ಯಾಯಾಲಯವು 2014 ರಲ್ಲಿ ಜಲ್ಲಿಕಟ್ಟು ಮತ್ತು ಗಾಡಿಯ ಓಟಗಳನ್ನು ನಿಷೇಧಿಸಿತು. ಕರ್ನಾಟಕವು 2017 ರಲ್ಲಿ ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅನುಕೂಲವಾಗುವಂತೆ ಕಾಯಿದೆಯನ್ನು ತಿದ್ದಿತು. 2023 ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಓಟದ ಎತ್ತನ್ನು ಕೊಳ್ಳುವವನು ಉಳುಮೆಯ ಲೆಕ್ಕವನ್ನು ಹಾಕುವುದಿಲ್ಲ. ಮರ್ಯಾದೆಯ ಲೆಕ್ಕವನ್ನು ಹಾಕುತ್ತಾನೆ. ಇಂಥ ಬೆಲೆಯಿಂದ ತಳಿಗೆ ಸ್ವಲ್ಪ ಉಪಕಾರವಾಗುವುದು ನಿಜ. ಆದರೆ ಕೆಲವೇ ಎತ್ತುಗಳ ಮೆರವಣಿಗೆಯಿಂದ ಲಕ್ಷಾಂತರ ಎತ್ತುಗಳ ಕ್ಷೇಮವನ್ನು ಅಳೆಯಲಾಗದು. ರಾಜ್ಯದ ದನಗಳ ಸಂಖ್ಯೆ 2012 ರ ಗಣತಿಯಲ್ಲಿ ಸುಮಾರು 95 ಲಕ್ಷವಿದ್ದುದು 2019 ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿಯಿತು. ಟ್ರ್ಯಾಕ್ಟರು ಉಳುಮೆಯನ್ನು ವಹಿಸಿಕೊಂಡಿತು. ಎತ್ತನ್ನು ಸಾಕುವವರು ಕಡಮೆಯಾದರು.

ಬೆಲೆಗೂ ದಾಖಲೆಗೂ ಇರುವ ಸಂಬಂಧವನ್ನು ಪರದೇಶದ ಒಂದು ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ನಮ್ಮ ಆಂಧ್ರ ಕರಾವಳಿಯ ಓಂಗೋಲ್ ತಳಿಯ ದನಗಳನ್ನು ಬ್ರೆಜಿಲ್ ದೇಶದವರು ಹಿಂದೆ ಹಡಗಿನಲ್ಲಿ ಒಯ್ದು ನೆಲೋರ್ ಎಂಬ ಹೆಸರಿನಿಂದ ಬೆಳೆಸಿದರು. 2023 ರಲ್ಲಿ ಅಲ್ಲಿಯ ಹರಾಜೊಂದರಲ್ಲಿ ವಿಯಾಟಿನಾ-19 ಎಂಬ ನೆಲೋರ್ ಹಸುವಿನ ಮೂರನೆಯ ಒಂದು ಪಾಲು ಮಾರಾಟವಾದಾಗ, ಆ ಲೆಕ್ಕದಂತೆ ಇಡೀ ಹಸುವಿನ ಬೆಲೆ 40 ಲಕ್ಷ ಡಾಲರುಗಳನ್ನು ಮೀರಿತು. ಕೊಂಡವರು ಹಾಲಿಗೂ ಮಾಂಸಕ್ಕೂ ಆ ಹಣವನ್ನು ಕೊಡಲಿಲ್ಲ. ತಲೆತಲಾಂತರಗಳಿಂದ ಬರೆದಿಟ್ಟ ವಂಶಾವಳಿಗೂ ಅದರ ಸಂತತಿಗೂ ಕೊಟ್ಟರು. ಭರತಖಂಡದ ರಕ್ತಕ್ಕೆ ಪರದೇಶದಲ್ಲಿ ಈ ಗೌರವ ದೊರೆತಿರುವಾಗ, ಅದರ ತೌರುಮನೆಯಲ್ಲಿ ಒಳ್ಳೆಯ ಹೋರಿಯ ತಂದೆತಾಯಿಗಳಾರೆಂದು ಕೇಳಿದರೆ ಉತ್ತರ ಹೇಳುವವರು ಅಪರೂಪ.

ಇನ್ನು ನಾವು ಹೇಳಬೇಕಾದ ಮುಖ್ಯ ಮಾತು. ಹರಾಜಿನ ಬೆಲೆಯು ಆ ದಿನದ, ಆ ಕಟ್ಟೆಯ, ಆ ಜನರ ಬೆಲೆ. ತಳಿಯ ನಿಜವಾದ ಮೌಲ್ಯವು ಬೇರೆ. ಇವೆರಡನ್ನೂ ಒಂದೆಂದು ತಿಳಿದ ಸರ್ಕಾರದವರು ಪಟ್ಟ ಪಾಡು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟೀಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಹೈದರನ ಮತ್ತು ಟೀಪುವಿನ ಸೈನ್ಯದ ಸಾಮಾನುಗಳನ್ನೂ ಫಿರಂಗಿಗಳನ್ನೂ ಬಿರುಸಿನಿಂದ ಎಳೆದ ಈ ದನಗಳು 1799 ರ ತರುವಾಯ ಇಂಗ್ಲಿಷರ ಕೈಸೇರಿದವು. 1860 ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅವರು ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಬಿಟ್ಟರು. ಉತ್ತಮವಾದ ರಾಸುಗಳಲ್ಲಿ ಹಲವು ಈಜಿಪ್ಟಿನ ಪಾಷಾನ ಪಾಲಾದವು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತುಗಳು ಸಿಕ್ಕದೆ 1866 ರಲ್ಲಿ ಅದೇ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಮಾರಿದ ದಿನ ಬೊಕ್ಕಸಕ್ಕೆ ಬಂದ ಹಣವು ಲೆಕ್ಕದ ಪುಸ್ತಕದಲ್ಲಿ ಲಾಭವೆಂದೇ ಕಂಡಿತು. ಆದರೆ ಶತಮಾನಗಳಿಂದ ಆರಿಸಿ ಬೆಳೆಸಿದ ರಕ್ತವನ್ನು ಆರು ವರ್ಷಗಳಲ್ಲಿ ಯಾವ ಬೊಕ್ಕಸವೂ ತಿರುಗಿ ಕೊಳ್ಳಲಾರದು.

ಪರಕೀಯರ ಆ ಅವಿವೇಕವನ್ನು ಹೇಳಿ ನಾವು ಹೆಮ್ಮೆಪಡುವಂತಿಲ್ಲ. ಸ್ವತಂತ್ರ ಭಾರತದಲ್ಲಿ ಅಮೃತಮಹಲ್ ಕಾವಲುಗಳು ಊರಿನ ವಿಸ್ತರಣೆ, ಒತ್ತುವರಿ, ಮಂಜೂರಾತಿಗಳಿಂದ ಕರಗುತ್ತ ಬಂದಿವೆ. 2010 ರ ಸುಮಾರಿಗೆ ಚಳ್ಳಕೆರೆಯ ಬಳಿಯ ಕಾವಲುಗಳಲ್ಲಿ ಎಂಟು ಸಾವಿರ ಎಕರೆಗೂ ಹೆಚ್ಚಿನ ಹುಲ್ಲುಗಾವಲು ದೊಡ್ಡ ದೊಡ್ಡ ವೈಜ್ಞಾನಿಕ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವಿಜ್ಞಾನವೂ ರಕ್ಷಣೆಯೂ ರಾಷ್ಟ್ರಕ್ಕೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾವಲು ಬರಿದಾದ ನೆಲವೆಂದು ಕಡತದಲ್ಲಿ ಬರೆಯುವ ಲೇಖನಿಯು ಅದೇ ಹುಲ್ಲಿನಿಂದ ಬೆಳೆದ ಎತ್ತಿನ ಬೆಲೆಯನ್ನೂ ಬರೆಯಲಿ. ಹರಾಜಿನ ಹುಟ್ಟುವಳಿಯನ್ನು ತಳಿಕೇಂದ್ರದ ಖರ್ಚಿನೊಡನೆ ತೂಗಿ ನಷ್ಟವೆಂದು ತೀರ್ಪು ಕೊಡುವ ಅಧಿಕಾರಿಗಳು 1860 ರ ಲೆಕ್ಕವನ್ನು ಒಮ್ಮೆ ನೆನೆಯಬೇಕು.

ನಮ್ಮ ಸಲಹೆಗಳು ಸರಳವಾದವು. ಹರಾಜಿಗೆ ಒಂದು ತಿಂಗಳ ಮುಂಚೆ ರಾಸುಗಳ ಹಲ್ಲು, ತಂದೆತಾಯಿ, ಲಸಿಕೆಗಳ ವಿವರವುಳ್ಳ ಪಟ್ಟಿಯನ್ನು ಅಚ್ಚುಮಾಡಿಸಿ ತಾಲ್ಲೂಕು ತಾಲ್ಲೂಕಿಗೆ ಕಳುಹಿಸತಕ್ಕದ್ದು. ಹರಾಜನ್ನು ಸುಗ್ಗಿಯ ತರುವಾಯದ ತಿಂಗಳುಗಳಲ್ಲಿಯೇ ಇಡತಕ್ಕದ್ದು. ಜೋಡಿಗೂಡಿಸಿ ಒಂದೊಂದಾಗಿಯೇ ಕೂಗತಕ್ಕದ್ದು. ಸಣ್ಣ ಹಿಡುವಳಿಯವರಿಗೆ ಸಹಕಾರ ಸಂಘಗಳ ಸಾಲದ ಮಂಜೂರಾತಿ ಹರಾಜಿನ ಮುನ್ನವೇ ಕೈಸೇರುವಂತೆ ಏರ್ಪಡಿಸತಕ್ಕದ್ದು. ಬಂದ ಬೆಲೆಗಳನ್ನು ಅಡಕೆಯ ಧಾರಣೆಯಂತೆಯೇ ಪತ್ರಿಕೆಗಳಿಗೆ ಕೊಡತಕ್ಕದ್ದು. ಹಾಗೆ ಮಾಡಿದರೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿಯುವ ಜಾತ್ರೆಯ ರೈತನಿಗೂ ಧಾರಣೆಯ ಅರಿವಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ, ದೊಡ್ಡ ಬೊಕ್ಕಸವೂ ಬೇಕಿಲ್ಲ. ಎರಡನೆಯ ಸವಾಲುದಾರನನ್ನು ಕಟ್ಟೆಯವರೆಗೆ ಕರೆತರುವಷ್ಟು ಶ್ರದ್ಧೆ ಇದ್ದರೆ ಸಾಕು. ಅಷ್ಟನ್ನು ಇಲಾಖೆಯವರು ಈ ಸುಗ್ಗಿಯಿಂದಲೇ ಮಾಡಿ ತೋರಿಸಲೆಂದು ರೈತರ ಪರವಾಗಿ ಒತ್ತಾಯಪಡಿಸುತ್ತೇವೆ.